ಬೇಕಂತ ಬಿಟ್ಟ ತೆನಿ

ಹೋದ ತಿಂಗಳ ಒಂದು ಐತವಾರ. ಚರ್ಚ್‌ನಾಗ ಆರಾಧನೆ ಮುಗಿದು ಎಲ್ಲಾರೂ ಬಾಗಲ ಹತ್ರ ಗುಂಪಾಗಿ ವಂದನೆ ವಂದನೆ ಅಂತ ಕೈ ಕುಲುಕ್ತಾ ನಿಂತಿದ್ರು, ನಾ ಮಾತ್ರ ಚಪ್ಲಿ ರಾಶಿಯೊಳಗ ನನ್ನ ಎಡಗಾಲಿಂದು ಹುಡುಕ್ಲತ್ತಿದ್ದೆ. ಆಗ ಒಂದು ಹುಡುಗಿ ಬಂದು ಬಾಜೂಕ ನಿಂತ್ಲು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು, ಡಿಗ್ರಿ ಮುಗಿಸಿ ಎಫ್‌ಡಿಎ ಎಸ್‌ಡಿಎ ಅಂತ ಪರೀಕ್ಷೆ ಬರಕೋತ ಕೂತಾಳ, ಕ್ವಾಯರ್‌ನಾಗ ಹಿಂದಿನ ಸಾಲಿಗೆ ನಿಂತು ಹಾಡ್ತಾಳ, ಅಷ್ಟೇ ಗೊತ್ತು ನನಗ. "ಅಕ್ಕಾ, ಒಂದು ಮಾತ ಕೇಳ್ತೀನಿ, ಇಲ್ಲ ಅನಬ್ಯಾಡ್ರಿ. ನೀವು ನನಗ ಮೆಂಟರ್ ಆಗ್ತೀರೇನ್ರಿ?" ಅಂದ್ಲು. ಯಾವುದೋ ಯೂಟ್ಯೂಬ್ ಪ್ರಸಂಗದಾಗ (ಪಾಸ್ಟರ್ ಉಪದೇಶಕ್ಕ ನಾವು ಪ್ರಸಂಗ ಅಂತೀವಿ) ಕೇಳ್ಯಾಳಂತ, ಪ್ರತಿ ಕ್ರೈಸ್ತ ಹೆಣ್ಮಗಳಿಗೂ ವಿಶ್ವಾಸದಾಗ ತನಗಿಂತ ಹಿರಿಯರೊಬ್ಬರು ಇರಬೇಕು ಅಂತ. ನಾ ಚಪ್ಲಿ ಸಿಕ್ತು ಅನ್ನೋ ನೆವಾ ಮಾಡ್ಕೊಂಡು "ನೋಡೋಣ ತಂಗಿ, ಪ್ರಾರ್ಥನೆ ಮಾಡು" ಅಂದು ಸ್ಕೂಟಿ ಹತ್ತಿ ಬಂದ್ಬಿಟ್ಟೆ. ಪ್ರಾರ್ಥನೆ ಮಾಡು ಅನ್ನೋದು ನಮ್ಮಲ್ಲಿ ಎಷ್ಟು ಸಲ 'ಈಗ ನನ್ನ ಬಿಡು' ಅನ್ನೋದರ ಇನ್ನೊಂದು ಹೆಸರು ಆಗಿರ್ತದ ಅಂತ ನಮ್ಮ ಚರ್ಚ್‌ನಾಗ ಬೆಳೆದೋರಿಗೆ ಬಿಡಿಸಿ ಹೇಳೋದು ಬ್ಯಾಡ.

ಮನಿಗೆ ಬಂದ ಮ್ಯಾಲೂ ಆ ಶಬ್ದ ತಲ್ಯಾಗಿಂದ ಹೋಗಲಿಲ್ಲ. ಮೆಂಟರ್. ನಾ ಕೆಲಸ ಮಾಡೋ ಶಾಲ್ಯಾಗ ಮೆಂಟರ್ ಟೀಚರ್ ಅಂತ ಒಂದು ರಿಜಿಸ್ಟರ್ ಅದ, ತಿಂಗಳಿಗೊಮ್ಮೆ ಸಹಿ ಹಾಕಿದ್ರ ಮುಗೀತು. ಕನ್ನಡದಾಗ ಮಾರ್ಗದರ್ಶಕಿ ಅಂದ್ರ ಸರ್ಕಾರಿ ಸುತ್ತೋಲೆ ಓದಿದಂಗ ಆಗ್ತದ. ಆತ್ಮಿಕ ತಾಯಿ ಅಂದ್ರ ಭಾಳ ದೊಡ್ಡ ಮಾತು, ಯಾರಾದ್ರೂ ನನಗ ಹಂಗ ಅಂದ್ರ ನಗೋದೋ ಅಳೋದೋ ತಿಳಿಯಂಗಿಲ್ಲ. ಹೆಸರಿಲ್ಲ ಅಂದ್ರ ಆ ಸಂಬಂಧಾನೇ ನಮ್ಮಲ್ಲಿ ಇರಲಿಲ್ಲ ಅಂತೇನೂ ಅಲ್ಲ. ಇತ್ತು. ನನಗೊಬ್ಬರು ಸಿಕ್ಕಿದ್ರು, ಹನ್ನೊಂದು ವರ್ಷ. ಅವರು ಸತ್ತು ಐದು ವರ್ಷ ಆದ ಮ್ಯಾಲೆ ಈ ಇಂಗ್ಲಿಷ್ ಶಬ್ದ ಕೇಳಿದಾಗ ಅವರು ನನಗ ಏನಾಗಿದ್ರು ಅಂತ ಹೊಳೀತು. ಹೊಳೆದ ಕೂಡಲೇ ಇನ್ನೊಂದೂ ನೆನಪಾಯ್ತು, ನಾ ಒಬ್ಬಳಿಗೆ ಅದನ್ನೇ ಆಗೋಕೆ ಹೋಗಿ ಏನ್ ಮಾಡಿಟ್ಟೆ ಅನ್ನೋದು. ಸ್ಕೂಟಿ ಹತ್ತಿ ಓಡಿ ಬಂದದ್ದು ಅದಕ್ಕೇ.

ಆಯಿ

ನಂದು ತವರು ಯಾದಗಿರಿ ಕಡಿ. ಮದುವಿ ಆಗಿ ಬೀದರ್‌ಗೆ ಬಂದಾಗ ಬಿ.ಎಡ್ ಮುಗಿದಿತ್ತು, ಇಪ್ಪತ್ನಾಲ್ಕು ವಯಸ್ಸು, ತಲೀ ತುಂಬ ಗರ್ವ. ಸಂಡೇ ಸ್ಕೂಲ್ ಬೈಬಲ್ ಕ್ವಿಜ್‌ನಾಗ ಪ್ರತಿ ವರ್ಷ ಫಸ್ಟ್ ಬರೋಳು, ಅರವತ್ತಾರು ಪುಸ್ತಕದ ಹೆಸರು ಉಸಿರು ಬಿಡದಂಗ ಹೇಳೋಳು. ಮಂಗಲಪೇಟ ಕಡಿ ನಮ್ಮ ಬಾಡಿಗಿ ಮನಿ, ಗ್ವಾಡಿಗೆ ಗ್ವಾಡಿ ಹತ್ತಿದಂಗ ಆಯಿ ಮನಿ. ಓಣಿ ಎಲ್ಲಾ ಅವರಿಗೆ ಆಯಿ ಅಂತಿತ್ತು, ನಾನೂ ಅಂದೆ. ಹುಟ್ಟಿದ ತಾರೀಖು ಅವರಿಗೆ ಗೊತ್ತಿರಲಿಲ್ಲ, ರಜಾಕಾರ್ ಗಲಾಟಿ ಆದಾಗ ಲಂಗಾ ಹಾಕೊಳ್ಳೋ ಹುಡುಗಿ ಇದ್ದೆ ಅಂತಿದ್ರು, ಅಂದ್ರ 1948ರ ಹೊತ್ತಿಗೆ ಹತ್ತು ಹನ್ನೆರಡು ವರ್ಷ ಇರಬೇಕು. ಹುಮನಾಬಾದ್ ಕಡಿ ಹಳ್ಳಿಯೊಳಗ ಕೂಲಿ ಮಾಡಿ, ಗಂಡ ತೀರ್ಕೊಂಡ ಮ್ಯಾಲೆ ಮಗನ ಸಂಗಡ ಬೀದರ್‌ಗೆ ಬಂದೋರು. ಓದು ಬರಹ ಇಲ್ಲ. ಆದ್ರ ಹಾಡು ಕನ್ನಡ, ತೆಲುಗು, ಹಿಂದಿ ಮೂರರಾಗೂ ಬರ್ತಿದ್ವು, ಒಂದು ಹಾಡಿನ ನಡುವ ಭಾಷಾ ಬದಲಾದ್ರೂ ಅವರಿಗೆ ಗೊತ್ತಾಗ್ತಿರಲಿಲ್ಲ.

ನಾ ಬಂದು ವಾರ ಆಗಿತ್ತು ಅಷ್ಟೇ, ಗ್ವಾಡಿ ಆ ಕಡಿಯಿಂದ ಕೂಗಿದ್ರು. "ಏ ಯಾದಗಿರಿ ಹುಡುಗಿ, ನಿನಗ ಓದಾಕ ಬರ್ತದಂತಲ್ಲ, ನನಗ ಸತ್ಯವೇದ ಓದಿ ಹೇಳ್ತೀ ಏನ?" ನನಗೋ ಒಳಗೊಳಗ ಖುಷಿ, ಓದು ಬಾರದ ಮುದುಕಿಗೆ ನಾ ಕಲಿಸೋಳು ಅಂತ. ಇದು ತಿರುಗಾಮುರುಗಾ ಅದ ಅಂತ ತಿಳ್ಯೋಕೆ ನನಗ ಎರಡು ವರ್ಷ ಬೇಕಾತು. ದಿನಾ ನಾಲ್ಕೂವರೆಗೆ ನಾ ಹೋಗ್ತಿದ್ದೆ, ಅವರು ಮೊರದಾಗ ತೊಗರಿಬ್ಯಾಳಿ ಹಾಕ್ಕೊಂಡು ಹಳ್ಳು ಆರಿಸ್ತಾ ಕೂಡ್ತಿದ್ರು, ಇಲ್ಲ ಬಳ್ಳೊಳ್ಳಿ ಸುಲೀತಿದ್ರು, ನಾ ಓದ್ತಿದ್ದೆ. ನಡುವ ಕೈ ಎತ್ತಿ "ನಿಂದ್ರು" ಅಂತಿದ್ರು. ಅಷ್ಟೇ ಅವರ ಪಾಠ. ನಿಂದ್ರು ಅಂದ ಮ್ಯಾಲೆ ಏನಾದ್ರೂ ಹೇಳ್ತಾರ ಅನ್ಕೊಂಡ್ರ ಹೇಳ್ತಿರಲಿಲ್ಲ, ಒಂದೊಂದು ಸಲ ನನ್ನೇ ಏನರೇ ಕೇಳೋರು. "ಯೇಸು ಮನಿಗೆ ಬಂದಾಗ ಕೆಲಸ ಎಲ್ಲಾ ನನ್ನ ಒಬ್ಬಾಕಿ ಮ್ಯಾಲೇ ಬಿತ್ತು ಅಂತ ಮಾರ್ಥಳು ಸಿಟ್ಟಾದ್ಲು ಅಂತ ಬರದದಲ್ಲ, ಅವತ್ತು ಸಂಜಿ ಊಟ ಯಾರ್ ಮಾಡಿದ್ರು?" ಇಂಥವು. ಕ್ವಿಜ್‌ನಾಗ ಇಂಥ ಪ್ರಶ್ನೆ ಎಂದೂ ಬಂದಿರಲಿಲ್ಲ ನನಗ.

ಒಂದು ಸಂಜಿ ಮಾತ್ರ ಇವತ್ತಿಗೂ ಹಸೀ ಹಸೀ ಅದ. ರೂತಳ ಪುಸ್ತಕ ಓದ್ಲತ್ತಿದ್ದೆ (ಗಂಡ ಸತ್ತ ಮ್ಯಾಲೆ ಅತ್ತಿ ನೊವೊಮಿ ಸಂಗಡ ಅತ್ತಿ ಊರಿಗೆ ಬಂದ ಪರದೇಶಿ ಸೊಸಿ ಈ ರೂತಳು), ಎರಡನೇ ಅಧ್ಯಾಯ, ರೂತಳು ಬೋವಜನ ಹೊಲದಾಗ ಹಕ್ಕಲ ಆರಿಸೋದು. ನಾ ಶಾಲಿ ಹುಡುಗರಿಗೆ ಓದಿದಂಗ ದಡದಡ ಓದ್ಕೋತ ಹೋದೆ. ಆಯಿ ಮೊರ ಕೆಳಗಿಟ್ರು. "ಹಕ್ಕಲ ಅಂದ್ರ ಗೊತ್ತದ ಏನ ನಿನಗ?" ಅಂದ್ರು. ಗೊತ್ತದ, ರಾಶಿ ಆದ ಮ್ಯಾಲೆ ಹೊಲದಾಗ ಉಳಿದದ್ದು ಆರಿಸ್ಕೊಳ್ಳೋದು, ಯಾಜಕಕಾಂಡ 19ರಾಗ ಅದ, ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅಂತ ನಿಯಮ, ಅಂತ ಉತ್ತರ ಕೊಟ್ಟೆ. ಆಯಿ ನಕ್ಕರು. ಆಮ್ಯಾಲೆ ಹೇಳಿದ್ರು, ತಾವೂ ತಮ್ಮ ಅವ್ವನೂ ಗೌಡರ ಹೊಲದಾಗ ಜೋಳದ ಹಕ್ಕಲ ಆರಿಸ್ಲಿಕ್ಕ ಹೋಗ್ತಿದ್ದದ್ದು. ಹೊಲ ಬಿಟ್ಟು ಹೊರಗ ಬರೋವಾಗ ಕಾವಲಿನವ ಉಡಿ ಬಿಚ್ಚಿಸಿ ಝಾಡಿಸಿ ನೋಡ್ತಿದ್ದ. ಹೆಚ್ಚಿಗಿ ಕಂಡ್ರ ಸೂಡಿನಾಗಿಂದ ಕದ್ದೀರಿ ಅಂತ ಬೈದು ಅರ್ಧ ಚೆಲ್ಲಿಸ್ಕೊಳ್ತಿದ್ದ. ಅವ್ವ ಏನೂ ಅಂತಿರಲಿಲ್ಲ, ನೆಲ ನೋಡ್ಕೋತ ನಿಂದರ್ತಿದ್ಲು. ಮುಂದಿನ ಸಾಲಿನಿಂದ ಇನ್ನೊಮ್ಮೆ ಬಗ್ಗೋದು. "ಬಗ್ಗೋದಕ್ಕ ನಡು ನೋಯಂಗಿಲ್ಲ ಯವ್ವಾ, ಉಡಿ ಬಿಚ್ಚೋದಕ್ಕ ನೋಯ್ತದ" ಅಂದ್ರು.

ನಾ ಸುಮ್ಮನಾದೆ. "ಓದು ಈಗ" ಅಂದ್ರು. ಮುಂದಿನ ವಚನದಾಗ ಬೋವಜ ತನ್ನ ಆಳುಗಳಿಗೆ ಹೇಳ್ತಾನ, ಸೂಡಿನಾಗಿಂದ ಬೇಕಂತಲೇ ಒಂದಿಷ್ಟು ತೆನಿ ಎಳೆದು ಬಿಡ್ರಿ, ಆಕಿ ಆರಿಸ್ಕೊಳ್ಳಲಿ, ಆಕಿನ್ನ ಗದರಿಸಬ್ಯಾಡ್ರಿ ಅಂತ. "ನಿಂದ್ರು. ಮತ್ತೊಮ್ಮೆ ಓದು." ಓದಿದೆ. "ಮತ್ತೊಮ್ಮೆ." ಮೂರು ಸಲ. ಅವರ ಕಣ್ಣಾಗ ನೀರಿರಲಿಲ್ಲ, ಸುಳ್ಳ್ಯಾಕ ಹೇಳ್ಲಿ, ಮುಖದ ಮ್ಯಾಲೆ ಒಂಥರಾ ಹಟ ಇತ್ತು, ತಪ್ಪು ಲೆಕ್ಕ ಕೊನಿಗೂ ಸರಿ ಆದಂಗ. "ಕೈಯಾಗ ಕೊಟ್ಟಿದ್ರ ಭಿಕ್ಷಾ ಆಗ್ತಿತ್ತು" ಅಂದ್ರು. "ಬೇಕಂತ ಬಿಟ್ಟ. ಆಕಿ ತಾನೇ ಆರಿಸ್ಕೊಂಡೆ ಅನ್ಕೊಂಡ್ಲು. ಮನಿಗೆ ಹೋಗಿ ಅತ್ತಿ ಮುಂದ ಉಡಿ ಬಿಚ್ಚೋವಾಗ ನಾಚಿಕಿ ಆಗಲಿಲ್ಲ ಆಕಿಗೆ." ಮೊರ ಎತ್ಕೊಂಡು ಮತ್ತ ಹಳ್ಳು ಆರಿಸ್ಲಿಕ್ಕ ಹತ್ತಿದ್ರು. ನಾ ಆ ಹೊತ್ತಿಗೆ ರೂತಳ ಬಗ್ಗೆ ಎಷ್ಟು ಪ್ರಸಂಗ ಕೇಳಿದ್ದೆ, ಎಲ್ಲಾನೂ 'ನೀನು ಹೋಗುವಲ್ಲಿಗೆ ನಾನೂ ಬರುವೆನು' ಅನ್ನೋದರ ಸುತ್ತ, ಸೊಸಿ ಅಂದ್ರ ಹಿಂಗಿರಬೇಕು ಅಂತ ಮುಗಿಸೋವು. ಕಾವಲಿನವನ ಮುಂದ ಉಡಿ ಬಿಚ್ಚೋ ಹೆಂಗಸು ಯಾವ ಪ್ರಸಂಗದಾಗೂ ಬಂದಿರಲಿಲ್ಲ.

(ನೊವೊಮಿ ಬಗ್ಗೆ ಒಂದು ಮಾತು. ಆಕಿ ಸೊಸಿಗೆ ಕೊಟ್ಟ ಸಲಹೆ ನೋಡ್ರಿ, ಸ್ನಾನ ಮಾಡಿ ತೈಲ ಹಚ್ಕೊಂಡು ಛಲೋ ಸೀರಿ ಉಟ್ಟು ರಾತ್ರಿ ಕಣಕ್ಕ ಹೋಗಿ ಬೋವಜನ ಕಾಲ ಕಡಿ ಮಲ್ಕೋ ಅಂತ. ನಮ್ಮ ಯಾವ ಮಹಿಳಾ ಕೂಟದಾಗ ಈ ಸಲಹೆ ಪಾಸ್ ಆಗ್ತದ ಹೇಳ್ರಿ. ನನ್ನನ್ನ ಮಾರಾ ಅಂತ ಕರೀರಿ, ದೇವರು ನನ್ನ ಬಾಳು ಕಹಿ ಮಾಡ್ಯಾನ ಅಂತ ಊರ ಬಾಗಲದಾಗ ನಿಂತು ಹೇಳಿದ ಹೆಂಗಸು ಆಕಿ. ಅಂಥ ಕಹಿಯಾದೋಳ ಸಂಗಡ ಇದ್ದೇ ರೂತಳು ದೇವರನ್ನ ಹಿಡಕೊಂಡದ್ದು.)

ಆಯಿಗೂ ಹಿಂದ ಒಬ್ಬರು ಇದ್ರು. ಹಳ್ಳಿಗೆ ವಾರಕ್ಕೊಮ್ಮೆ ನಡಕೋತ ಬರೋ ಬೈಬಲ್ ವುಮನ್, ಬಿಳೀ ಸೀರಿ, ಬಗಲಾಗ ಒಂದು ಚೀಲ, ಅದರಾಗ ಸುವಾರ್ತೆ ಪುಸ್ತಕ ಮತ್ತ ಕಜ್ಜಿಗೆ ಹಚ್ಚೋ ಮುಲಾಮು. ಆಯಿಗೆ ಹಾಡು ಕಲಿಸಿದ್ದು ಅವರೇ. ನಮ್ಮ ಚರ್ಚಿನ ಪಂಗಡ ಮೆಥೋಡಿಸ್ಟ್, ಅದರ ಇತಿಹಾಸ ಓದಿದ್ರ 1869ರಾಗ ಬೋಸ್ಟನ್‌ನಾಗ ಹೆಂಗಸರೇ ಕೂಡಿ ಒಂದು ಮಿಷನರಿ ಸೊಸೈಟಿ ಮಾಡಿದ್ದು, ಇಸಬೆಲ್ಲಾ ಥೋಬರ್ನ್ ಮತ್ತ ಡಾಕ್ಟರ್ ಕ್ಲಾರಾ ಸ್ವೇನ್ ಅನ್ನೋ ಇಬ್ಬರನ್ನ ಭಾರತಕ್ಕ ಕಳಿಸಿದ್ದು, ಥೋಬರ್ನ್ 1870ರಾಗ ಲಖನೌದ ಅಮೀನಾಬಾದ್ ಬಜಾರ್‌ನಾಗ ಆರು ಹುಡುಗಿಯರ ಸಂಗಡ ಶಾಲಿ ಶುರು ಮಾಡಿದ್ದು, ಎಲ್ಲಾ ಸಿಗ್ತದ. ಸಿಗಬೇಕು ಕೂಡ, ಅವರು ಸಣ್ಣ ಕೆಲಸ ಮಾಡಲಿಲ್ಲ. ಆದ್ರ ಗಂಡಸರು ಕಾಲಿಡಲಾರದ ಮನಿ ಒಳಗ, ಅಡಗಿ ಮನಿ ಹೊಸ್ತಿಲ ತನಕ ಹೋಗಿ ಕೂತು ಮಾತಾಡಿದೋರು ನಮ್ಮ ಕಡಿಯ ಹೆಂಗಸರು, ಭಾಳ ಜನ ವಿಧವಿಯರು. ಆಯಿಯ ಬೈಬಲ್ ವುಮನ್ ಹೆಸರು ಆಯಿಗೂ ನೆನಪಿರಲಿಲ್ಲ. "ಅಮ್ಮಾ ಅಂತಿದ್ವಿ" ಅಂದ್ರು ಅಷ್ಟೇ.

ಮೂರು ತಿಂಗಳು

ಆಯಿ ಹತ್ರ ಕಲ್ತದ್ದು ಏನು ಅಂತ ಪಟ್ಟಿ ಮಾಡೋಕೆ ಕೂತ್ರ ಏನೂ ಸಿಗಂಗಿಲ್ಲ. ಒಂದು ಸಲ ನವೆಂಬರ್‌ನಾಗ ಧಾರೂರ್ ಜಾತ್ರಿಗೆ ಕರಕೊಂಡು ಹೋಗಿದ್ರು. ವಿಕಾರಾಬಾದ್ ತನಕ ಟ್ರೇನ್, ಅಲ್ಲಿಂದ ಟೆಂಪೋ. ನಮ್ಮ ಕಡಿ ಮೆಥೋಡಿಸ್ಟ್ ಮಂದಿಗೆ ಆ ಜಾತ್ರಿ ಹೊಸದಲ್ಲ. ಮೈಕ್‌ನಾಗ ತೆಲುಗಿನ ಪ್ರಸಂಗ ನಡದೇ ಇತ್ತು, ಆಯಿ ಗಿಡದ ಕೆಳಗ ಮೂರು ಕಲ್ಲು ಇಟ್ಟು ಒಲಿ ಹೂಡಿ ಯಾವ್ಯಾವುದೋ ಊರಿನ ಹೆಂಗಸರ ಸಂಗಡ ಮಾತಾಡ್ತಾ ಕೂತಿದ್ರು. ಪ್ರಸಂಗ ಬಿಟ್ಟು ಇಲ್ಲಿ ಕೂತೀರಲ್ಲ ಅಂದ್ರ "ನೀ ಹೋಗಿ ಕೇಳ್ಕೊಂಡು ಬಂದು ಹೇಳು" ಅಂದ್ರು. ಹೋಗಿ ಕೇಳ್ಕೊಂಡು ಬಂದೆ, ಹೇಳಿದೆ. ಅವರು ಆ ಹೊತ್ತಿಗೆ ಜಹೀರಾಬಾದ್ ಕಡಿಯ ಒಬ್ಬಾಕಿ ಮಗಳ ಮದುವಿ ಸಾಲದ ಕಥಿ ಪೂರಾ ಕೇಳಿ ಮುಗಿಸಿದ್ರು, ಆಕಿ ಕಣ್ಣೊರಸ್ಕೊಂಡು ರೊಟ್ಟಿ ತಿನ್ಲತ್ತಿದ್ಲು.

ಲೂಕನ ಸುವಾರ್ತೆ ಮೊದಲನೇ ಅಧ್ಯಾಯ ಓದೋವಾಗೆಲ್ಲ ನನಗ ಆ ಒಲಿ ನೆನಪಾಗ್ತದ. ಯೇಸುವಿನ ತಾಯಿ ಆಗಬೇಕಾದ ಮರಿಯಳು ಬೆಟ್ಟದ ಸೀಮಿಗೆ ತನ್ನ ಬಳಗದ ಎಲಿಸಬೇತಳ ಮನಿಗೆ ಹೋಗ್ತಾಳ, ಸುಮಾರು ಮೂರು ತಿಂಗಳು ಇರ್ತಾಳ. ಒಬ್ಬಾಕಿ ಮುದುಕಿ, ಆರನೇ ತಿಂಗಳು, ಇನ್ನೊಬ್ಬಾಕಿ ಹುಡುಗಿ, ಊರಿಗೆ ಏನ್ ಹೇಳ್ಬೇಕು ಅಂತ ಗೊತ್ತಿಲ್ಲ. ಬಂದ ದಿನದ ಮಾತು, ಮರಿಯಳ ಹಾಡು ಬಿಟ್ರ ಆ ಮೂರು ತಿಂಗಳು ಇಬ್ಬರೂ ಏನ್ ಮಾತಾಡಿದ್ರು ಅಂತ ಲೂಕ ಒಂದು ಸಾಲೂ ಬರೆದಿಲ್ಲ. ಎಲಿಸಬೇತಳು ವಂದನೆ ಕೇಳಿದ ಕೂಡಲೇ ಹುಡುಗಿನ್ನ ನಂಬಿಬಿಟ್ಲು, ಅದೊಂದು ಗೊತ್ತದ. ಹೆಂಗ ಆಯ್ತು, ಯಾರು, ಯಾವಾಗ, ನಿನ್ನ ಗಂಡಾಗೋನಿಗೆ ಹೇಳಿದ್ಯಾ, ಏನೂ ಕೇಳಲಿಲ್ಲ, ಧನ್ಯಳು ಅಂದ್ಲು. ಇನ್ನೊಂದು ಮಜಾ ಏನಂದ್ರ ಆ ಮನ್ಯಾಗ ಒಬ್ಬ ಯಾಜಕ ಇದ್ದ, ಎಲಿಸಬೇತಳ ಗಂಡ, ಅವನ ಬಾಯಿ ಆ ಹೊತ್ತಿಗೆ ಬಂದ್ ಆಗಿತ್ತು. ಮಗ ಹುಟ್ಟಿ ಹೆಸರಿಡೋ ತನಕ ಯಾಜಕನಿಗೆ ಮಾತಿಲ್ಲ, ಮನಿ ತುಂಬ ಇಬ್ಬರು ಹೆಂಗಸರ ಮಾತು. ಇದನ್ನ ನಮ್ಮ ಪಾಸ್ಟರಮ್ಮನಿಗೆ ಹೇಳಿದಾಗ ಅವರು ಸೆರಗು ಬಾಯಿಗೆ ಹಿಡಕೊಂಡು ನಕ್ಕದ್ದು, ಆಮ್ಯಾಲೆ ಬಾಗಲ ಕಡಿ ನೋಡಿದ್ದು ನಾ ಮರೆಯಂಗಿಲ್ಲ.

ನಾ ಕೆಡಿಸಿದ್ದು

ಈಗ ಬರೀಬೇಕಾದ್ದಕ್ಕ ಬರ್ತೀನಿ. ಆಯಿ ತೀರ್ಕೊಂಡ ಮರು ವರ್ಷ. ನಮ್ಮ ಸಭೆಗೆ ಹೊಸದಾಗಿ ಮದುವಿ ಆಗಿ ಬಂದ ಒಬ್ಬ ಹುಡುಗಿ ನನಗ ಭಾಳ ಹಚ್ಕೊಂಡ್ಲು. ಒಂದು ಆಸ್ಪತ್ರ್ಯಾಗ ನರ್ಸ್ ಅನ್ಕೋರಿ. (ನರ್ಸ್ ಅಲ್ಲ. ಇದನ್ನ ಬರೀತೀನಿ ಅಂತ ಆಕಿನ್ನ ಕೇಳಿದೆ, ಓದೋಕೆ ಕೊಟ್ಟೆ. ಆಕಿ ಎರಡು ವಿಷಯ ಬದಲು ಮಾಡಿ ವಾಪಸ್ ಕಳಿಸಿದ್ಲು, ಬದಲು ಮಾಡಿದ್ದೇ ಇಲ್ಲಿ ಅದ. ಬೇರೆ ಏನೂ ಅನ್ನಲಿಲ್ಲ.) ಒಂದು ದಿನ ನನ್ನ ಅಡಗಿ ಮನ್ಯಾಗ ನಿಂತು ಹೇಳಿದ್ಲು, ಎರಡು ಸಲ ಹೊಟ್ಟೀ ಹೋಗ್ಯದ ಅಂತ. ಮೊದಲನೇದು ಗಂಡನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಎರಡನೇದು ಆದ ಮ್ಯಾಲೆ ಪ್ರಾರ್ಥನೆ ಬರ್ತಿಲ್ಲ. "ಚರ್ಚ್‌ನಾಗ ಎಲ್ಲಾರೂ ಕಣ್ಮುಚ್ಚಿದಾಗ ನಾನೂ ಮುಚ್ತೀನಿ ಅಕ್ಕಾ, ತುಟಿ ಅಷ್ಟೇ ಅಲ್ಲಾಡ್ತಾವ, ಒಳಗಿಂದ ಒಂದು ಶಬ್ದಾನೂ ಬರವಲ್ದು."

ನಾ ಏನ್ ಮಾಡಬೇಕಿತ್ತು? ಸುಮ್ಮನಿರಬೇಕಿತ್ತು, ಇಲ್ಲ ಅಂದ್ರ ಒಂದು ಮೊರ ಬ್ಯಾಳಿ ಆಕಿ ಮುಂದ ಇಡಬೇಕಿತ್ತು. ಮಾಡಲಿಲ್ಲ. ಕ್ವಿಜ್ ಫಸ್ಟ್ ಪ್ರೈಜ್ ಎದ್ದು ನಿಂತ್ಲು. ಸಾರಳು, ರೆಬೆಕ್ಕ, ರಾಹೇಲ, ಹನ್ನ, ಎಲಿಸಬೇತ, ಬಂಜಿಯಾಗಿದ್ದು ಮಗು ಪಡೆದೋರ ಹೆಸರೆಲ್ಲಾ ಸಾಲಾಗಿ ಹೇಳಿದೆ, ಹನ್ನಳಂಗ ಬೇಡ್ಕೋ, ಸಮುವೇಲ ಹುಟ್ಟೇ ಹುಟ್ತಾನ ಅಂದೆ. ತಲೀ ಮ್ಯಾಲೆ ಕೈ ಇಟ್ಟು ಜೋರು ಪ್ರಾರ್ಥನೆ ಮಾಡಿ ಕಳಿಸಿದೆ. ಕಳಿಸಿದ ಮ್ಯಾಲೆ ಎಷ್ಟು ಛಲೋ ಅನಿಸ್ತು ಅಂದ್ರ, ಆಯಿ ಜಾಗಕ್ಕ ನಾ ಬಂದೆ ಅನಿಸ್ತು.

ಅದಕ್ಕಿಂತ ದೊಡ್ಡದು ಶುಕ್ರವಾರ ಆಯ್ತು. ಕಾಟೇಜ್ ಪ್ರೇಯರ್, ಅಂದ್ರ ಮನ್ಯಾಗ ಕೂಡೋ ಪ್ರಾರ್ಥನಾ ಕೂಟ, ಹನ್ನೆರಡು ಹದಿಮೂರು ಜನ ಹೆಂಗಸರು, ಪ್ರಾರ್ಥನಾ ವಿನಂತಿ ಹೇಳ್ರಿ ಅಂದ್ರು. ನಾ ಹೆಸರು ಹೇಳಲಿಲ್ಲ. ನಮ್ಮ ಸಭೆಯ ಒಬ್ಬ ಸಹೋದರಿ, ಹೊಸದಾಗಿ ಮದುವಿ ಆಗಿ ಬಂದೋರು, ಆಸ್ಪತ್ರ್ಯಾಗ ಕೆಲಸ, ಎರಡು ಸಲ ಗರ್ಭ ನಿಂತಿಲ್ಲ, ವಿಶ್ವಾಸದಾಗ ಕುಗ್ಗ್ಯಾರ, ಭಾರ ತಗೊಂಡು ಪ್ರಾರ್ಥನೆ ಮಾಡೋಣ, ಅಂದೆ. ಇದಕ್ಕಿಂತ ಹೆಸರು ಹೇಳಿದ್ರೇ ಕಡಿಮಿ ತಿಳೀತಿತ್ತೇನೋ. ಎಲ್ಲಾರೂ ಅತ್ರು, ನಾನೂ ಅತ್ತೆ, ಚಹಾ ಚೂಡಾ ಆಯ್ತು. ಐತವಾರದೊಳಗ ಆಕಿ ಅತ್ತಿಗೆ ಮುಟ್ಟಿತ್ತು, ಅದೂ 'ಎರಡು' ಸಲ ಅನ್ನೋದು. ಮೊದಲನೇದು ನನಗ್ಯಾಕ ಹೇಳಲಿಲ್ಲ ಅಂತ ಮನ್ಯಾಗ ಏನ್ ನಡೀತೋ ಅದು ಆಕಿ ಕಥಿ, ನಂದಲ್ಲ. ಸೋಮವಾರ ವಾಟ್ಸಾಪ್‌ನಾಗ ಒಂದೇ ಸಾಲು ಬಂತು: "ಅಕ್ಕಾ, ನೀವು ಪ್ರಾರ್ಥನೆ ಮಾಡ್ತೀರಿ ಅನ್ಕೊಂಡಿದ್ದೆ, ಮಾಡಿಸ್ತೀರಿ ಅನ್ಕೊಂಡಿರಲಿಲ್ಲ."

ಕಾವಲಿನವ ಮಾಡ್ತಿದ್ದದ್ದೂ ಇದೇ ಅಲ್ಲೇನು. ಉಡಿ ಬಿಚ್ಚಿಸಿದೆ, ಹನ್ನೆರಡು ಜನರ ಮುಂದ, ಯೇಸುವಿನ ನಾಮದಾಗ.

ಮಾಫಿ ಕೇಳೋಕೆ ಹೋದೆ, ತಡ ಮಾಡಿ ಹೋದೆ, ಎರಡು ತಿಂಗಳ ಮ್ಯಾಲೆ. ಕೂಡಿಸಿ ಚಹಾ ಕೊಟ್ಲು, ಪೂರಾ ಕೇಳಿದ್ಲು, "ಆಯ್ತ್ರಿ ಅಕ್ಕಾ" ಅಂದ್ಲು. ಕ್ಷಮಿಸೀನಿ ಅಂತಾನೂ ಅನ್ನಲಿಲ್ಲ, ಇಲ್ಲ ಅಂತಾನೂ ಅನ್ನಲಿಲ್ಲ. ಈಗಲೂ ಐತವಾರ ಎದುರಾದ್ರ ವಂದನೆ ಅಂತಾಳ. ಅಡಗಿ ಮನಿ ತನಕ ಬಂದಿಲ್ಲ.

ಒಂದು ವರ್ಷ ಕಳೆದ ಮ್ಯಾಲೆ ಸಂಡೇ ಸ್ಕೂಲ್ ಪಾಠಕ್ಕಂತ ಬೈಬಲ್‌ನಾಗ ಒಂದನೇ ಸಮುವೇಲ ಪುಸ್ತಕ ತೆಗೆದೆ. ಹನ್ನಳು ದೇವಾಲಯದಾಗ ಪ್ರಾರ್ಥನೆ ಮಾಡೋವಾಗ ಆಕಿ ತುಟಿ ಮಾತ್ರ ಅಲ್ಲಾಡ್ತಿದ್ವು, ಧ್ವನಿ ಕೇಳಿಸ್ತಿರಲಿಲ್ಲ ಅಂತ ಅದ ಅಲ್ಲಿ. ಕುಡಿದಾಳ ಅನ್ಕೊಂಡ ಯಾಜಕ ಏಲಿ. ನಾ ಪುಸ್ತಕ ಮುಚ್ಚಿಟ್ಟೆ. ಆ ಹುಡುಗಿ ನನ್ನ ಮುಂದ ನಿಂತು ಹನ್ನಳ ಆ ವಚನಾನೇ ಹೇಳಿದ್ಲು, ಅಕ್ಷರಕ್ಕ ಅಕ್ಷರ. ನಾ ಸಮುವೇಲನನ್ನ ನೆನಪಿಟ್ಕೊಂಡೆ, ತುಟಿ ಮರೆತೆ. ಅಕ್ಕಾ ಪ್ರಾರ್ಥನೆ ಬರವಲ್ದು ಅಂದಾಗ, ನೀ ಮಾಡ್ಲತ್ತಿದ್ದೇ ಪ್ರಾರ್ಥನೆ ತಂಗಿ, ಅನ್ನೋ ಒಂದು ಮಾತು ನನ್ನ ಹತ್ರ ಇತ್ತು, ಕೊಡಲಿಲ್ಲ. ಆಯಿ ಇದ್ದಿದ್ರ ಆ ವಚನ ಓದೋವಾಗ ನಿಂದ್ರು ಅಂತಿದ್ರು.

ಲೆಕ್ಕ, ಮತ್ತ ಚಾಡಿ

ಆಮ್ಯಾಲೆ ನನಗ ಒಂದು ಹುಚ್ಚು ಹತ್ತಿತು, ಇದೆಲ್ಲಾ ನಮ್ಮಲ್ಲಿ ಹೆಂಗ ಶುರು ಆತು ಅಂತ ಓದೋದು. ಮೆಥೋಡಿಸ್ಟ್ ಅಂದ ಮ್ಯಾಲೆ ಕ್ಲಾಸ್ ಮೀಟಿಂಗ್ ಅನ್ನೋದು ಕೇಳಿರ್ತೀವಿ, ಸಣ್ಣ ಗುಂಪು ಕೂಡಿ ಒಬ್ಬರ ವಿಶ್ವಾಸ ಒಬ್ಬರು ವಿಚಾರಿಸ್ಕೊಳ್ಳೋದು. ಅದು ಹುಟ್ಟಿದ್ದು ಯಾವ ದರ್ಶನದಿಂದಾನೂ ಅಲ್ಲ, ಸಾಲದಿಂದ. ಇಂಗ್ಲೆಂಡಿನ ಬ್ರಿಸ್ಟಲ್‌ನಾಗ ಕಟ್ಟಿದ ಕೂಟದ ಮನಿ ಸಾಲ ತೀರಿಸೋಕೆ 1742ರಾಗ, ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ ತಲಾ ವಾರಕ್ಕ ಒಂದು ಪೆನ್ನಿ ಎತ್ರಿ ಅಂತ ಒಬ್ಬ ಕ್ಯಾಪ್ಟನ್ ಸಲಹೆ ಕೊಟ್ಟ. ಬಡವರು ಕೊಡೋಕೆ ಆಗಂಗಿಲ್ಲ ಅಂದಾಗ, ನನ್ನ ಗುಂಪಿಗೆ ಬಡವರನ್ನೇ ಹಾಕ್ರಿ, ಅವರದ್ದು ನಾ ಕೊಡ್ತೀನಿ ಅಂದ. ಮನಿ ಮನಿಗೆ ಪೆನ್ನಿ ಕೇಳೋಕೆ ಹೋದೋರಿಗೆ ಮನಿ ಒಳಗಿನ ಕಥಿಗಳು ಕಾಣಿಸ್ಲಿಕ್ಕ ಹತ್ತಿದ್ವು, ಅಲ್ಲಿಂದ ಮೆಥೋಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಗೆ ಹೊಳೀತು ಇದು ದುಡ್ಡಿಗಿಂತ ದೊಡ್ಡದು ಅಂತ. ಹೆಂಗಸರೂ ಕ್ಲಾಸ್ ಲೀಡರ್ ಆದ್ರು. ಸ್ವಸಹಾಯ ಸಂಘದ ನಮ್ಮ ಹೆಂಗಸರಿಗೆ ಇದು ಒಂದೇ ಮಾತಿಗೆ ತಿಳೀತದ, ವಾರದ ಕಂತು ಕಟ್ಟೋ ನೆವದಾಗ ಎಷ್ಟು ಅಳು ಹೊರಗ ಬರ್ತದ ಅಂತ ಅವರಿಗೆ ಗೊತ್ತು. ಮಂದಿ ಕೂಡ್ಲಿಕ್ಕ ಒಂದು ಕೆಲಸ ಬೇಕು. ಬರೀ 'ಬಾ, ನಿನ್ನ ಆತ್ಮದ ವಿಷಯ ಮಾತಾಡೋಣ' ಅಂದ್ರ ನಾನೂ ಬಾಯಿ ಬಿಡಂಗಿಲ್ಲ.

ಇನ್ನೊಂದು, ಬೈಬಲ್‌ನಾಗ ಪೌಲ ತೀತನಿಗೆ ಬರೆದ ಪತ್ರಿಕೆ, ಎರಡನೇ ಅಧ್ಯಾಯ. ಹೆಂಗಸರ ಕೂಟದಾಗ ಸೆಷನ್ ತಗೊಳ್ಳೋರು ಹತ್ತರಾಗ ಎಂಟು ಜನ ಇದನ್ನೇ ತೆಗೀತಾರ. ಹಿರಿಯ ಹೆಂಗಸರು ಕಿರಿಯರಿಗೆ ಕಲಿಸಬೇಕು, ಗಂಡನ್ನ ಪ್ರೀತಿಸೋದು, ಮಕ್ಕಳನ್ನ ಪ್ರೀತಿಸೋದು, ಮನಿ ಕೆಲಸ, ಗಂಡನಿಗೆ ಅಧೀನ ಇರೋದು. ಅಲ್ಲಿಗೆ ನಿಂದರ್ತಾರ. ತಾಳ್ಕೋ, ಪ್ರಾರ್ಥನೆ ಮಾಡು, ಗಂಡ ಬದಲಾಗ್ತಾನ. ಬೆನ್ನ ಮ್ಯಾಲೆ ಬಾಸುಂಡಿ ಇರೋ ಹೆಣ್ಮಗಳಿಗೂ ಇದೇ ಮಾತು ಹೇಳಿ ಮನಿಗೆ ಕಳಿಸಿದ್ದು ನಾ ಕಣ್ಣಾರೆ ನೋಡೀನಿ, ಆ ಕೂಟದಾಗ ನಾನೂ ಸುಮ್ಮ ಕೂತಿದ್ದೆ, ಅದನ್ನೂ ಬರೆದಿಡ್ತೀನಿ. ಆದ್ರ ಕಿರಿಯರಿಗೆ ಕಲಿಸೋ ವಚನಕ್ಕ ಮುಂಚೆ ಹಿರಿಯರಿಗೇ ಒಂದು ವಚನ ಅದ, ಚಾಡಿ ಹೇಳೋರು ಆಗಿರಬಾರ್ದು ಅಂತ. ಗ್ರೀಕ್ ಮೂಲದಾಗ ಅಲ್ಲಿರೋದು 'ದಿಯಾಬೊಲೊಸ್' ಅನ್ನೋ ಶಬ್ದದ ಬಹುವಚನ. ಸೈತಾನನಿಗೆ ಬಳಸೋ ಅದೇ ಶಬ್ದ. ಪೌಲ ಮೆತ್ತಗ ಹೇಳಿಲ್ಲ. ಪ್ರಾರ್ಥನಾ ವಿನಂತಿ ಅನ್ನೋ ಸೆರಗು ಹೊದಿಸಿದ್ರ ಚಾಡಿ ಚಾಡಿ ಆಗಂಗಿಲ್ಲ ಅಂತ ಅದರಾಗ ಎಲ್ಲೂ ಇಲ್ಲ, ನಾ ಹುಡುಕಿ ನೋಡೀನಿ.

ಗುರುವಾರ

ಚಪ್ಲಿ ರಾಶಿ ಹತ್ರ ಕೇಳಿದ ಹುಡುಗಿಗೆ ಹತ್ತು ದಿನ ಬಿಟ್ಟು ಫೋನ್ ಮಾಡಿದೆ. ಮೆಂಟರ್ ಗಿಂಟರ್ ನನಗ ಬರಂಗಿಲ್ಲ ತಂಗಿ, ಗುರುವಾರ ಸಂಜಿ ಇವರು ಡ್ಯೂಟಿಗೆ ಹೋಗ್ತಾರ, ನಾ ಒಬ್ಬಾಕಿನೇ ರೊಟ್ಟಿ ಬಡೀತಿರ್ತೀನಿ, ಬರ್ತಿದ್ರ ಬಾ ಅಂದೆ. (ಗುರುವಾರ ಅಂದ ಮ್ಯಾಲೆ ನೆನಪಾಯ್ತು, ಜಾನ್ ವೆಸ್ಲಿಯ ಅವ್ವ ಸುಸಾನಾ ವೆಸ್ಲಿ ವಾರದ ಒಂದೊಂದು ಸಂಜಿ ಒಂದೊಂದು ಮಗುವಿಗೆ ಅಂತ ಇಟ್ಟಿದ್ಲು, ಜಾನ್‌ನ ಪಾಳಿ ಗುರುವಾರ. ದೊಡ್ಡಾಂವ ಆಗಿ ಆಕ್ಸ್‌ಫರ್ಡ್‌ನಾಗ ಇದ್ದಾಗಲೂ ಆ ಗುರುವಾರದ ಸಂಜಿ ಒಂದಿಷ್ಟು ಸಿಗಬಾರದೇ ಅಂತ ಅವ್ವಗ ಪತ್ರ ಬರೆದಿದ್ದ, 1732ರಾಗ. ನಂದು ಮಾತ್ರ ಗಂಡನ ಶಿಫ್ಟ್ ನೋಡಿ ಇಟ್ಟ ಗುರುವಾರ.)

ಬಂದ್ಲು. ನೋಟ್‌ಬುಕ್, ಮೂರು ಬಣ್ಣದ ಪೆನ್ನು ತಗೊಂಡು ಬಂದಿದ್ಲು ಪಾಪ. ಎಲ್ಲಿಂದ ಶುರು ಮಾಡೋಣ್ರಿ ಅಕ್ಕಾ ಅಂದ್ರ ನನಗೇ ಗೊತ್ತಿಲ್ಲ. ಹಿಟ್ಟು ನಾದು ಅಂದೆ. ಮೊದಲನೇ ವಾರ ಆಕಿ ರೊಟ್ಟಿ ಹರೀತು, ಬರೀ ಅದನ್ನೇ ನಕ್ವಿ. ಎರಡನೇ ವಾರ ಕೀರ್ತನೆ ಒಂದು ಓದ್ಲು, ನಾ ನಡುವ ಒಂದು ಸಲ ನಿಂದ್ರು ಅಂದೆ, ಅಂದ ಮ್ಯಾಲೆ ಏನ್ ಕೇಳಬೇಕು ಅಂತ ಹೊಳೀಲಿಲ್ಲ, ಆಯಿಗೆ ಹೊಳೀತಿತ್ತು, ನನಗಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತು ಅಷ್ಟೇ.

ಹೋದ ಗುರುವಾರ ಹಂಚಿನ ಮುಂದ ಕೂತು ಹಂಗೇ ಕೇಳಿದ್ಲು. "ಅಕ್ಕಾ, ನನಗಿಂತ ಮೊದಲು ಯಾರಿಗಾದ್ರೂ ಹಿಂಗ ಕಲಿಸೀರೇನ್ರಿ?"

"ಒಬ್ಬಾಕಿಗೆ. ಕೆಡಿಸಿಬಿಟ್ಟೆ."

"ಯಾರ್ರಿ ಅದು? ನಮ್ಮ ಚರ್ಚಿನೋರೇ ಏನ್ರಿ?"

ನಾ ರೊಟ್ಟಿ ತಿರುವಿ ಹಾಕಿದೆ, ಬಟ್ಟಿ ತೋಯಿಸಿ ಮ್ಯಾಲೆ ನೀರು ಸವರಿದೆ, ಇನ್ನೊಂದು ಉಂಡಿ ತಗೊಂಡೆ. ಆಕಿ ಕಾಯ್ದ್ಲು. ಬಡಿಯೋ ಸಪ್ಪಳ ಬಿಟ್ಟು ಬೇರೆ ಇಲ್ಲ. ಎರಡು ರೊಟ್ಟಿ ಆದ್ವು, ಮೂರನೇದೂ ಆತು. ಆಕಿ ನೋಟ್‌ಬುಕ್ ಮುಚ್ಚಿ ಬಾಜೂಕ ಇಟ್ಲು, ಕಾಲು ಮಡಚಿ ಕೂತ್ಲು.

"ಹೇಳಲಿಲ್ಲಲ್ಲ, ಛಲೋ ಆತು ಬಿಡ್ರಿ" ಅಂದ್ಲು. ಆಮ್ಯಾಲೆ, ಮೆಂಟರ್ ಬೇಕು ಅಂತ ನನ್ನ ಹತ್ರ ಯಾಕ ಬಂದಿದ್ಲು ಅನ್ನೋದು, ಮೊದಲಿಂದ ಹೇಳ್ಲಿಕ್ಕ ಶುರು ಮಾಡಿದ್ಲು. ಅದನ್ನ ಇಲ್ಲಿ ಬರೆಯಂಗಿಲ್ಲ.